ನಾಲ್ಕು ಇಂಚಿನ ಡ್ರೆಜ್: ಅಲಾಸ್ಕಾದ ಹೊಳೆಯಲ್ಲಿ ಚಿನ್ನ ಹುಡುಕಲು ಕಟ್ಟಿದ ಯಂತ್ರ

ಹೊಳೆಯ ತಳದಿಂದ ಕಲ್ಲು, ಮರಳು ಎಳೆದು ಅದರಲ್ಲಿರುವ ಚಿನ್ನವನ್ನು ಬೇರೆ ಮಾಡುವ ಯಂತ್ರಕ್ಕೆ ಸಕ್ಷನ್ ಡ್ರೆಜ್ ಅಂತಾರೆ. ನಾಲ್ಕು ಇಂಚು ಅಂದರೆ ಅದರ ಎಳೆಯುವ ಕೊಳವೆಯ ಅಗಲ. ನನ್ನ ಗ್ಯಾರೇಜಿನಲ್ಲಿ ಇದನ್ನು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ: "ಎಷ್ಟು ಜೋರಾಗಿ ಎಳೆಯುತ್ತೆ?" ಕಟ್ಟಿ, ನೀರಿಗಿಳಿಸಿ, ಓಡಿಸಿದ ಮೇಲೆ ನನಗನ್ನಿಸಿದ್ದು ಬೇರೆ. ಎಳೆಯುವುದು ಇದರ ಸುಲಭದ ಕೆಲಸ. ಎಳೆದು ತಂದ ನೀರಿನ ಓಟ ತಗ್ಗಿಸಿ, ಸಾಸಿವೆಗಿಂತ ಸಣ್ಣ ಚಿನ್ನದ ಚೂರು ಕೊಚ್ಚಿಹೋಗದ ಹಾಗೆ ಹಿಡಿದಿಡುವುದಿದೆಯಲ್ಲ, ಅದೇ ನಿಜವಾದ ಕೆಲಸ. ನನ್ನ ಒಂದು ಚಳಿಗಾಲದ ಬಹುಪಾಲು ಅದಕ್ಕೇ ಹೋಯಿತು.

ನಾನಿರುವುದು ಅಲಾಸ್ಕಾದ ಆಂಕರೇಜ್‌ನಲ್ಲಿ. ವಿಮಾನಗಳ ತಗಡಿನ ಕೆಲಸ ಮಾಡುತ್ತೇನೆ. ಅಲ್ಯೂಮಿನಿಯಂ ಕತ್ತರಿಸುವುದು, ಬಗ್ಗಿಸುವುದು, ರಿವೆಟ್ ಹೊಡೆಯುವುದು ನನ್ನ ದಿನನಿತ್ಯದ ಕೆಲಸ. ಹುಟ್ಟೂರು ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡ ಕಾಣಿಸುವಷ್ಟು ಹತ್ತಿರ. ಚಿನ್ನ ಸೋಸುವುದು ನಮ್ಮ ಕಡೆಗೂ ಹೊಸದಲ್ಲ. ದೋಣಿ ಹಳ್ಳದ ಮರಳನ್ನು ಮರದ ತಟ್ಟೆಯಲ್ಲಿ ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರು ಅಲ್ಲಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಗುಡ್ಡಗಳ ಚಿನ್ನದ ಬಗ್ಗೆ ಬರೆದಾಗ ಇವರನ್ನೂ ಕಂಡಿದ್ದರು. ಡ್ರೆಜ್ ಕಟ್ಟುತ್ತೇನೆ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ತಟ್ಟನೆ ಅಂದರು: "ನಮ್ಮಜ್ಜ ಹೇಳತಿದ್ದ, ಮಳಿ ನಿಂತ ಮ್ಯಾಲ ಜಾಲಗಾರರು ಹಳ್ಳಕ್ಕ ಇಳೀತಿದ್ರಂತ. ದೊಡ್ಡ ಕಲ್ಲಿನ ಹಿಂದಿನ ಮರಳ ಅಷ್ಟ ಹಿಡೀತಿದ್ರಂತ, ಬ್ಯಾರೇ ಕಡೆ ಕೈನೂ ಹಚ್ಚತಿರಲಿಲ್ಲಂತ." ಈ ಮಾತು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ನಾನು ಆರಿಸಿಕೊಂಡ ಜಾಗ ಹೋಪ್ ಎಂಬ ಪುಟ್ಟ ಊರಿನ ರಿಸರೆಕ್ಷನ್ ಕ್ರೀಕ್. ಟರ್ನಗೇನ್ ಆರ್ಮ್ ಎಂಬ ಸಮುದ್ರದ ತೋಳಿನ ಆಚೆ ದಡದಲ್ಲಿದೆ. ಆದರೆ ರಸ್ತೆ ಆ ನೀರನ್ನು ಪೂರ್ತಿ ಸುತ್ತಿಕೊಂಡು ಹೋಗುವುದರಿಂದ ಆಂಕರೇಜ್‌ನಿಂದ ಸುಮಾರು 140 ಕಿಲೋಮೀಟರ್ ಆಗುತ್ತದೆ. 1896ರಲ್ಲಿ ಇಲ್ಲಿಗೆ ಚಿನ್ನದ ಆಸೆಗೆ ಜನ ಮುಗಿಬಿದ್ದಿದ್ದರು. ಪಕ್ಕದ ಕೆನಡಾದ ಕ್ಲಾಂಡೈಕ್‌ನ ಚಿನ್ನದ ಗದ್ದಲ ಶುರುವಾಗುವ ಮೊದಲಿನ ಮಾತು ಇದು. 1964ರ ದೊಡ್ಡ ಭೂಕಂಪದಲ್ಲಿ ನೆಲ ಕುಸಿದು ಹಳೆಯ ಊರಿನ ಒಂದು ಭಾಗ ಹಾಳಾಯಿತು. ಉಳಿದ ಮರದ ಕಟ್ಟಡಗಳು ಈಗಲೂ ಇವೆ. ಹಿಂದಿನವರು ದೊಡ್ಡ ನೀರಿನ ಫಿರಂಗಿಗಳಿಂದ ದಡವನ್ನೇ ಕೊರೆದು ಚಿನ್ನ ತೆಗೆದಿದ್ದರು. ಹೊಳೆಯ ಎರಡೂ ಬದಿ ಕಲ್ಲಿನ ಗುಡ್ಡೆಗಳು ಬಿದ್ದವು, ಹರಿವು ನೇರ ಕಾಲುವೆಯ ಹಾಗಾಯಿತು, ಮೀನುಗಳಿಗೆ ನಿಲ್ಲುವ ಜಾಗವೇ ಇಲ್ಲದಾಯಿತು. ಸುಮಾರು ನೂರು ವರ್ಷ ಕಳೆದ ಮೇಲೆ, 2005–06ರ ಹೊತ್ತಿಗೆ, ಅರಣ್ಯ ಸೇವೆಯವರು ಹೊಳೆಯ ಒಂದು ಭಾಗಕ್ಕೆ ಮತ್ತೆ ತಿರುವುಗಳನ್ನು ಕೊಟ್ಟು ಸರಿಮಾಡಿದರು. ಆ ಭಾಗವನ್ನೂ ಅದರ ಪಕ್ಕದ ಹಾಳಾದ ಭಾಗವನ್ನೂ ಒಟ್ಟಿಗೆ ನೋಡಿದವರಿಗೆ ಈ ಕೆಲಸದ ನಿಯಮಗಳು ಯಾಕಿವೆ ಅಂತ ಬೇರೆ ಹೇಳಬೇಕಾಗಿಲ್ಲ.

ನಿಯಮಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಯಂತ್ರ ಕಟ್ಟುವ ಮೊದಲೇ ತಿಳಿದುಕೊಳ್ಳಬೇಕಾದದ್ದು ಇದು. ಕ್ಯಾಲಿಫೋರ್ನಿಯಾದಲ್ಲಿ ಸಕ್ಷನ್ ಡ್ರೆಜ್ಜನ್ನು 2009ರಲ್ಲಿ ನಿಲ್ಲಿಸಿದರು. ಆರೆಗಾನ್‌ನಲ್ಲಿ 2018ರಿಂದ ಸಾಲ್ಮನ್ ಮೀನಿಗೆ ಮುಖ್ಯವಾದ ಹೊಳೆಗಳಲ್ಲಿ ಮೋಟಾರು ಯಂತ್ರ ಇಳಿಸುವ ಹಾಗಿಲ್ಲ. ಅಲಾಸ್ಕಾದ ಚುಗಾಚ್ ರಾಷ್ಟ್ರೀಯ ಅರಣ್ಯದಲ್ಲಿ ಕೆಲವು ಹೊಳೆಗಳ ನಿಗದಿತ ಭಾಗಗಳನ್ನು ಜನರ ಹವ್ಯಾಸಕ್ಕೆ ಬಿಟ್ಟಿದ್ದಾರೆ. ರಿಸರೆಕ್ಷನ್ ಕ್ರೀಕ್ ಅದರಲ್ಲೊಂದು. ಅಲ್ಲಿ ನಾಲ್ಕು ಇಂಚಿಗಿಂತ ದೊಡ್ಡ ಡ್ರೆಜ್ ಇಳಿಸುವ ಹಾಗಿಲ್ಲ. ಮೀನು ಮತ್ತು ಬೇಟೆ ಇಲಾಖೆಯ ಪರವಾನಗಿ ಬೇಕು. ಹೊಳೆಗೆ ಕೆಸರು ನೀರು ಬಿಡುವುದಕ್ಕೆ ಪರಿಸರ ಇಲಾಖೆಯ ನಿಯಮ ಬೇರೆ ಇದೆ. ಡ್ರೆಜ್ ಓಡಿಸಬಹುದಾದ ಕಾಲ ಮೇ 15ರಿಂದ ಜುಲೈ 15ರವರೆಗೆ ಮಾತ್ರ.

ಆ ಎರಡೇ ತಿಂಗಳು ಯಾಕೆ? ಸಾಲ್ಮನ್ ತಳದ ಜಲ್ಲಿಯೊಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದರೂ ಮರಿಗಳು ವಸಂತದವರೆಗೆ ಆ ಜಲ್ಲಿಯ ಸಂದಿಯಲ್ಲೇ ಇರುತ್ತವೆ. ಮರಿಗಳು ಹೊರಬಂದ ಮೇಲೆ, ಮುಂದಿನ ಮೀನು ಮೊಟ್ಟೆ ಇಡಲು ಬರುವ ಮೊದಲು, ತಳ ಖಾಲಿ ಇರುವ ಸಣ್ಣ ಕಾಲ ಅದು. ಮೊಟ್ಟೆ ಡ್ರೆಜ್‌ನೊಳಗೆ ಹೋದರೆ ಬದುಕುವುದು ಕಷ್ಟ. ನಿಯಮಗಳು ಬದಲಾಗುತ್ತವೆ, ಹಾಗಾಗಿ ಪ್ರತಿ ವರ್ಷ ಹೊಸದಾಗಿ ಕೇಳಿಯೇ ನೀರಿಗಿಳಿಯಬೇಕು. ನಾನು ಕಚೇರಿಗೆ ಹೋಗಿ ನಕ್ಷೆಯ ಮೇಲೆ ಗೆರೆ ತೋರಿಸಿ ಕೇಳಿದೆ. ಅವರು ಸಮಾಧಾನವಾಗಿ ವಿವರಿಸಿದರು.

ಈಗ ಯಂತ್ರಕ್ಕೆ ಬರೋಣ.

ತುಂಬ ಜನ ಅಂದುಕೊಳ್ಳುವುದೇನೆಂದರೆ, ಕಲ್ಲು ಮರಳೆಲ್ಲ ಪಂಪಿನೊಳಗೆ ಹೋಗಿ ಹೊರಬರುತ್ತದೆ ಅಂತ. ಹಾಗಾದರೆ ಪಂಪು ಒಂದು ಗಂಟೆಯೂ ಬಾಳುವುದಿಲ್ಲ. ಪಂಪು ಎಳೆಯುವುದು ಬರೀ ನೀರನ್ನು. ಆ ನೀರನ್ನು ಒತ್ತಡದಲ್ಲಿ ಜೆಟ್ ಎಂಬ ಕೊಳವೆಗೆ ದೂಡುತ್ತದೆ. ಜೆಟ್ ಅಂದರೆ ನಾಲ್ಕು ಇಂಚಿನ ಉಕ್ಕಿನ ಕೊಳವೆಯ ಪಕ್ಕಕ್ಕೆ ಓರೆಯಾಗಿ ಬೆಸೆದ ಇನ್ನೊಂದು ಸಣ್ಣ ಕೊಳವೆ. ಸಣ್ಣ ಬಾಯಿಂದ ನೀರು ವೇಗವಾಗಿ ನುಗ್ಗಿ, ದೊಡ್ಡ ಕೊಳವೆಯ ನೀರನ್ನೂ ತನ್ನ ಜೊತೆ ಮುಂದಕ್ಕೆ ಎಳೆದೊಯ್ಯುತ್ತದೆ. ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಆ ಕಡೆ ಜೋಡಿಸಿದ ಉದ್ದದ ಹೋಸಿನಿಂದ ಹೊಳೆಯ ತಳದ ಕಲ್ಲು, ಮರಳು, ನೀರು ಎಲ್ಲ ಮೇಲೆ ಬರುತ್ತವೆ. ದಾರಿಯಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಹಾಗಾಗಿ ಕಲ್ಲಿನಿಂದ ಮುರಿಯುವಂಥದ್ದೂ ಏನಿಲ್ಲ.

ಎಂಜಿನ್ ಹೋಂಡಾ ಜಿಎಕ್ಸ್200, 196 ಸಿಸಿ. ಅದರ ಮೇಲೆ ಒತ್ತಡದ ಸೆಂಟ್ರಿಫ್ಯೂಗಲ್ ಪಂಪು, ನಿಮಿಷಕ್ಕೆ ಸುಮಾರು 600 ಲೀಟರ್ ದೂಡುವಂಥದ್ದು. ಇದನ್ನು ಕೊಳ್ಳುವಾಗ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಕೆಸರು ನೀರಿನ ಪಂಪುಗಳ ಮೇಲೆ ಕಣ್ಣು ಬೀಳುವುದು ಸಹಜ. ಅವು ನೀರನ್ನು ಜಾಸ್ತಿ ಕೊಡುತ್ತವೆ, ಒತ್ತಡ ಕಡಿಮೆ. ಜೆಟ್‌ಗೆ ಬೇಕಾದದ್ದು ಒತ್ತಡ. ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಬಹಳ ವರ್ಷ ಡ್ರೆಜ್ ಓಡಿಸಿದವರು. ಅವರು ಮೊದಲೇ ಹೇಳಿದ್ದರು: "ಪಂಪಿಗೆ ದುಡ್ಡು ಹಾಕು, ಉಳಿದದ್ದನ್ನೆಲ್ಲ ನೀನೇ ಮಾಡ್ಕೋ." ನಾನು ಹಾಗೇ ಮಾಡಿದೆ. ಪಂಪು, ಎಂಜಿನ್ ಮತ್ತು ಹೋಸು ಕೊಂಡೆ. ಉಳಿದದ್ದು ಗ್ಯಾರೇಜಿನಲ್ಲೇ ಆಯಿತು.

ಪಂಪಿಗೆ ನೀರೆಳೆಯುವ ಕೊಳವೆಯ ತುದಿಗೆ ಜಾಲರಿ ಮತ್ತು ಫುಟ್ ವಾಲ್ವ್ ಹಾಕಿದೆ. ನಮ್ಮ ಊರ ಬಾವಿ ಪಂಪುಗಳಲ್ಲಿ ಇರುತ್ತದಲ್ಲ, ಅದೇ. ಎಲ್ಲೋ ಒಂದು ಕಡೆ ಸ್ವಲ್ಪ ಗಾಳಿ ಸೋರಿದರೂ ಪಂಪು ನೀರು ಹಿಡಿಯುವುದಿಲ್ಲ, ಹಾಗಾಗಿ ಪ್ರತಿ ಜೋಡಣೆಗೂ ರಬ್ಬರ್ ವಾಶರ್ ಮತ್ತು ಎರಡೆರಡು ಕ್ಲಾಂಪ್.

ಜೆಟ್‌ನ ಸಣ್ಣ ಬಾಯಿಯ ಅಳತೆಯಲ್ಲಿ ಎಲ್ಲವೂ ನಿಂತಿದೆ. ಬಾಯಿ ದೊಡ್ಡದಾದರೆ ಒತ್ತಡ ಬೀಳುತ್ತದೆ. ತೀರ ಸಣ್ಣದಾದರೆ ಒತ್ತಡ ಇದ್ದರೂ ನೀರು ಸಾಲುವುದಿಲ್ಲ. ನಾನು ಬಾಯಿಗೆ ಬದಲಿಸಬಹುದಾದ ಉಂಗುರಗಳನ್ನು ಲೇತ್‌ನಲ್ಲಿ ಮಾಡಿಸಿ, ಪಂಪಿನ ಪಕ್ಕದಲ್ಲಿ ಒತ್ತಡದ ಗೇಜ್ ಕೂರಿಸಿದೆ. ಒಂದೊಂದು ಉಂಗುರ ಹಾಕಿ, ಒಂದು ಬಕೆಟ್ ಜಲ್ಲಿ ಎಳೆಯಲು ಎಷ್ಟು ಹೊತ್ತು ಬೇಕು ಅಂತ ನೋಡುತ್ತಾ ಹೋದೆ. ಅತಿ ದೊಡ್ಡ ಉಂಗುರವೂ ಅಲ್ಲ, ಅತಿ ಸಣ್ಣದೂ ಅಲ್ಲ, ನಡುವಿನದೊಂದು ಬೇರೆಲ್ಲವನ್ನೂ ಹಿಂದೆ ಹಾಕಿತು. ಬೇರೆಯವರ ಅಳತೆಯನ್ನು ಹಾಗೇ ಎತ್ತಿಕೊಳ್ಳುವುದಕ್ಕಿಂತ ಈ ಕೆಲಸ ಮಾಡಿ ನೋಡುವುದು ಒಳ್ಳೆಯದು. ಪಂಪಿನಿಂದ ಪಂಪಿಗೆ ಇದು ಬದಲಾಗುತ್ತದೆ.

ಹೋಸಿನ ತುದಿಯಲ್ಲಿ ಕೈಯಲ್ಲಿ ಹಿಡಿಯುವ ನಳಿಕೆ ಇರುತ್ತದೆ. ಇದರ ಬಾಯಿಗೆ ಮೂರೂವರೆ ಇಂಚಿನ ಉಂಗುರ ಬೆಸೆದೆ. ಹೋಸು ನಾಲ್ಕು ಇಂಚು, ಬಾಯಿ ಅದಕ್ಕಿಂತ ಅರ್ಧ ಇಂಚು ಕಿರಿದು. ಬಾಯಿ ದಾಟಿದ ಕಲ್ಲು ಹೋಸಿನಲ್ಲಿ ಎಲ್ಲೂ ಸಿಕ್ಕಬಾರದು ಅನ್ನುವುದಕ್ಕೆ. ಆದರೂ ಎರಡು ಕಲ್ಲು ಜೊತೆಯಾಗಿ ಹೋಗಿ ತಿರುವಿನಲ್ಲಿ ಸಿಕ್ಕಿಕೊಳ್ಳುವುದುಂಟು. ಅದಕ್ಕೆ ಹೋಸಿನೊಳಗಿನ ಮೈ ನುಣುಪಾಗಿರಬೇಕು, ಹೊರಗಿನಿಂದ ಕಲ್ಲು ಕಾಣಿಸುವಂತಿದ್ದರೆ ಇನ್ನೂ ಒಳ್ಳೆಯದು. ಸಿಕ್ಕಿದ ಜಾಗ ಗೊತ್ತಾದರೆ ಹೊರಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಬಹುದು. ನಳಿಕೆಯ ಬಾಯಿಗೆ ಅಂಗೈ ಮಾತ್ರ ಕೊಡಬಾರದು. ಪೂರ್ತಿ ಮುಚ್ಚಿಕೊಂಡರೆ ಎಳೆತ ಜೋರಾಗುತ್ತದೆ, ನೀರಿನೊಳಗೆ ಒಬ್ಬರೇ ಇದ್ದಾಗ ಅದು ಆಟವಲ್ಲ.

ತೇಲಲು ನಾಲ್ಕು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಒಂದೊಂದೂ 57 ಲೀಟರಿನದು. ನಾಲ್ಕೂ ಸೇರಿ ಸುಮಾರು 228 ಕಿಲೋ ಹೊರುತ್ತವೆ. ನನ್ನ ಯಂತ್ರ ಎಲ್ಲ ಸೇರಿ 80 ಕಿಲೋ ಆಸುಪಾಸು. ಪೆಟ್ಟಿಗೆಯಲ್ಲಿ ಜಲ್ಲಿ ತುಂಬಿದಾಗಲೂ ಡ್ರಮ್ಮು ಅರ್ಧಕ್ಕಿಂತ ಜಾಸ್ತಿ ಮುಳುಗಬಾರದು ಅಂತ ಲೆಕ್ಕ. ಈ ಡ್ರಮ್ಮುಗಳಲ್ಲಿ ಮೊದಲು ಕಾರು ತೊಳೆಯುವ ಸೋಪು ಇತ್ತು. ಸೋಪಿನ ಒಂದು ಹನಿಯೂ ಹೊಳೆಗೆ ಸೇರಬಾರದು. ನೊರೆ ಬಾರದವರೆಗೂ ತೊಳೆದು, ಮುಚ್ಚಳಕ್ಕೆ ಸೀಲಂಟ್ ಹಾಕಿದೆ.

ಇನ್ನು ಪೆಟ್ಟಿಗೆ. ಇದನ್ನು ಸ್ಲೂಸ್ ಅಂತಾರೆ. 16 ಇಂಚು ಅಗಲ, ನಾಲ್ಕು ಅಡಿ ಉದ್ದ, ಅಲ್ಯೂಮಿನಿಯಂ ಶೀಟಿನದು. ಯಂತ್ರದ ಜೀವ ಇರುವುದು ಇಲ್ಲೇ.

ಚಿನ್ನದ ಸಾಪೇಕ್ಷ ಸಾಂದ್ರತೆ 19.3. ಅಂದರೆ ನೀರಿಗಿಂತ ಹತ್ತೊಂಬತ್ತು ಪಟ್ಟಿಗೂ ಜಾಸ್ತಿ ಭಾರ. ಬೆಣಚುಕಲ್ಲು 2.65, ಕಪ್ಪು ಮರಳಿನ ಮ್ಯಾಗ್ನೆಟೈಟ್ 5.2. ಇಷ್ಟು ವ್ಯತ್ಯಾಸ ಇರುವಾಗ ಹಿಡಿಯುವುದು ಸುಲಭ ಅಲ್ವಾ ಅನ್ನಿಸಬಹುದು. ಕಾಳಿನಷ್ಟು ದಪ್ಪದ ಚಿನ್ನ ಆದರೆ ಸುಲಭವೇ. ಆದರೆ ಹೊಳೆಯ ಚಿನ್ನ ಬಹುಪಾಲು ಚಪ್ಪಟೆ. ಕಲ್ಲುಗಳ ನಡುವೆ ಸಿಕ್ಕಿ ಬಡಿದು ಬಡಿದು ತೆಳ್ಳಗಾಗಿರುತ್ತದೆ. ತೆಳ್ಳನೆಯ ಚೂರು ವೇಗದ ನೀರಿನಲ್ಲಿ ತೇಲಾಡಿಕೊಂಡು ದೂರ ಹೋಗಿಬಿಡುತ್ತದೆ. ಹೋಸಿನಿಂದ ನೀರು ಬರುವುದೋ ಭಾರಿ ರಭಸದಲ್ಲಿ. ಹಾಗಾಗಿ ಪೆಟ್ಟಿಗೆಯ ತಲೆಯಲ್ಲಿ ಅಗಲವಾದ ಬಾಯಿ ಮಾಡಿ, ನೀರು ಹರಡಿಕೊಳ್ಳುವಂತೆ ಮಾಡಬೇಕು. ಹರಡಿದ ಕೂಡಲೇ ಅದರ ಓಟ ಇಳಿಯುತ್ತದೆ.

ಅದಾದ ಮೇಲೆ ಮುಕ್ಕಾಲು ಇಂಚಿಗಿಂತ ಸಣ್ಣ ತೂತುಗಳ ಉಕ್ಕಿನ ಹಲಗೆ ಇಟ್ಟೆ. ದಪ್ಪ ಕಲ್ಲುಗಳು ಅದರ ಮೇಲೆ ಉರುಳಿಕೊಂಡು ಹೋಗುತ್ತವೆ. ಮರಳು ಮತ್ತು ಸಣ್ಣ ಜಲ್ಲಿ ತೂತಿನಿಂದ ಕೆಳಗಿಳಿದು, ನಿಧಾನದ ನೀರಿಗೆ ಬರುತ್ತವೆ. ದಪ್ಪ ಕಲ್ಲಿಗೆ ಬೇಕಾದ ನೀರಿನ ಓಟವೇ ಬೇರೆ, ಸಣ್ಣ ಚಿನ್ನಕ್ಕೆ ಬೇಕಾದ ಓಟವೇ ಬೇರೆ. ಎರಡನ್ನೂ ಒಂದೇ ಹಾಸಿನ ಮೇಲೆ ಓಡಿಸಿದರೆ ಸೋಲುವುದು ಚಿನ್ನವೇ.

ತಳದಲ್ಲಿ, ತಲೆಯ ಕಡೆ ಏಣುಗಳಿರುವ ಕಪ್ಪು ರಬ್ಬರ್ ಹಾಸು, ಅದರಾಚೆ ದಾರದ ಉಂಡೆಗಳಂತೆ ಹೆಣೆದ ಪ್ಲಾಸ್ಟಿಕ್ ಹಾಸು, ಅದರ ಮೇಲೆ ಜಾಲರಿ ತಗಡು, ಅದರ ಮೇಲೆ ರಿಫಲ್ ಎಂಬ ಅಡ್ಡಪಟ್ಟಿಗಳು. ರಿಫಲ್‌ನ ಮೇಲಿನ ತುಟಿ ನೀರು ಹರಿದುಹೋಗುವ ಕಡೆಗೆ ಬಗ್ಗಿರುತ್ತದೆ. ನೀರು ಅದನ್ನು ದಾಟಿದ ಕೂಡಲೇ ಹಿಂದೆ ಒಂದು ಸಣ್ಣ ಸುಳಿ ಹುಟ್ಟುತ್ತದೆ. ಸುಳಿ ಹಗುರದ್ದನ್ನು ಎತ್ತಿ ಮುಂದಕ್ಕೆ ಕಳಿಸುತ್ತದೆ, ಭಾರದ್ದು ಕೆಳಗೆ ಕೂತುಬಿಡುತ್ತದೆ. ರಿಫಲ್‌ಗಳನ್ನು ನಾನು ಕೆಲಸದಲ್ಲಿ ಬಗ್ಗಿಸುವ ಹಾಗೇ ಬ್ರೇಕ್ ಎಂಬ ತಗಡು ಬಗ್ಗಿಸುವ ಯಂತ್ರದ ಮೇಲೆ ಬಗ್ಗಿಸಿ, ಒಂದು ಚೌಕಟ್ಟಿಗೆ ರಿವೆಟ್ ಮಾಡಿದೆ. ಇಡೀ ಚೌಕಟ್ಟನ್ನು ಎತ್ತಿ ಹಾಸು ತೆಗೆಯಬಹುದು.

ಇಳಿಜಾರಿನ ಬಗ್ಗೆ ಎಲ್ಲರೂ ಹೇಳುವ ಮಾತು, ಒಂದು ಅಡಿ ಉದ್ದಕ್ಕೆ ಒಂದು ಇಂಚು ಇಳಿತ ಅಂತ. ಶುರುಮಾಡಲು ಸರಿ. ಆದರೆ ನೆಲದ ಮೇಲೆ ಕೂತಿರುವ ಪೆಟ್ಟಿಗೆಗೂ ತೇಲುವ ಪೆಟ್ಟಿಗೆಗೂ ವ್ಯತ್ಯಾಸ ಇದೆ. ತೇಲುವಾಗ ಪೆಟ್ಟಿಗೆಯಲ್ಲಿ ಜಲ್ಲಿ ತುಂಬುತ್ತಾ ಬಂದರೆ ಹಿಂಭಾಗ ತಗ್ಗುತ್ತದೆ, ಇಳಿಜಾರು ತಾನಾಗಿ ಹೆಚ್ಚುತ್ತದೆ. ನೀರು ಓಡುತ್ತದೆ, ಚಿನ್ನ ಜಾರುತ್ತದೆ. ಎಂಜಿನ್ನಿನಲ್ಲಿ ಪೆಟ್ರೋಲ್ ಖಾಲಿಯಾದರೂ ಸಮತೂಕ ಬದಲಾಗುತ್ತದೆ. ಇದಕ್ಕೆ ನಾನು ಎಂಜಿನ್ ಕೂರುವ ತಟ್ಟೆಯನ್ನು ಎರಡು ಹಳಿಗಳ ಮೇಲೆ ಇಟ್ಟು, ಪಿನ್ ತೆಗೆದು ಹಿಂದೆ ಮುಂದೆ ಸರಿಸುವಂತೆ ಮಾಡಿದೆ. ಪೆಟ್ಟಿಗೆಯ ಪಕ್ಕಕ್ಕೆ ಒಂದು ಸ್ಪಿರಿಟ್ ಲೆವೆಲ್ ಅಂಟಿಸಿ, ಬೇಕಾದ ಇಳಿಜಾರಿಗೆ ಗುರುತು ಹಾಕಿದೆ. ನೀರಿನೊಳಗಿಂದ ತಲೆ ಎತ್ತಿ ಒಂದು ಸಲ ನೋಡಿದರೆ ಗೊತ್ತಾಗುತ್ತದೆ. ಇಡೀ ಯಂತ್ರದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಹಿತ್ತಲಲ್ಲಿ ಪರೀಕ್ಷೆ. ದನಗಳಿಗೆ ನೀರಿಡುವ ದೊಡ್ಡ ತೊಟ್ಟಿಗಳನ್ನು ತಂದು, ಅದೇ ನೀರು ಸುತ್ತಿಸುತ್ತಾ ಮರಳು ಮತ್ತು ಜಲ್ಲಿ ಓಡಿಸಿದೆ. ಚಿನ್ನದ ಬದಲು ಸೀಸದ ಚೂರು. ಸೀಸದ ಸಾಂದ್ರತೆ 11.3, ಚಿನ್ನಕ್ಕಿಂತ ಎಷ್ಟೋ ಹಗುರ. ಸೀಸವನ್ನು ಹಿಡಿಯುವ ಪೆಟ್ಟಿಗೆ ಅದೇ ಗಾತ್ರದ, ಅದೇ ಆಕಾರದ ಚಿನ್ನವನ್ನು ಬಿಡುವುದಿಲ್ಲ. ಸಣ್ಣ ಸೀಸದ ಗುಂಡುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಬಣ್ಣ ಹಚ್ಚಿ, ನೂರು ಎಣಿಸಿ ಜಲ್ಲಿಯಲ್ಲಿ ಬೆರೆಸಿದೆ. ಕೈಗೆ ಗ್ಲೌಸ್ ಹಾಕಿಕೊಂಡೇ. ಸೀಸ ತೊಟ್ಟಿಯಿಂದ ಹೊರಗೆ ಹೋಗಬಾರದು, ಹೊಳೆಯಲ್ಲಂತೂ ಈ ಪರೀಕ್ಷೆ ಮಾಡಲೇಬಾರದು.

ಹೆಂಡತಿ ಕಿಟಕಿಯಿಂದ ನೋಡಿ ಹೊರಗೆ ಬಂದಳು. "ಏನ್ರೀ, ಸೀಸ ಹಾಕಿ ಸೀಸ ತೆಗಿಯೋದಾ?" ಅಂದಳು. ಆಮೇಲೆ ಎಣಿಸಲು ತಾನೂ ಕೂತಳು. ನನಗಿಂತ ಅವಳ ಎಣಿಕೆಯೇ ಚುರುಕು.

ಒಂದು ಅಡಿಗೆ ಒಂದು ಇಂಚಿನ ಇಳಿಜಾರಿನಲ್ಲಿ ಎಂಬತ್ತರ ಮೇಲೆ ಸಿಕ್ಕವು. ದಪ್ಪ ಗುಂಡುಗಳೆಲ್ಲ ತಲೆಯ ಭಾಗದಲ್ಲೇ ಕೂತಿದ್ದವು, ಹೋದದ್ದು ಬರೀ ತೆಳ್ಳನೆಯವು. ಇಳಿಜಾರು ಸ್ವಲ್ಪ ತಗ್ಗಿಸಿದೆ. ಆಗ ರಿಫಲ್‌ಗಳ ಹಿಂದೆ ಮರಳು ಗಟ್ಟಿಯಾಗಿ ತುಂಬಿಕೊಂಡಿತು. ಸುಳಿಗೆ ಜಾಗವೇ ಇಲ್ಲ, ಚೂರುಗಳು ಮೇಲಿಂದ ಜಾರಿ ಹೋದವು. ಹಾಗಾದರೆ ಇಳಿಜಾರು ಒಂದೇ ಬದಲಿಸಿ ಆಗುವ ಕೆಲಸ ಅಲ್ಲ. ತೂತಿನ ಹಲಗೆಯನ್ನು ಮುಂದಕ್ಕೆ ಉದ್ದ ಮಾಡಿ, ದಪ್ಪ ಕಲ್ಲುಗಳು ಮೊದಲ ರಿಫಲ್‌ಗಳ ಹತ್ತಿರವೇ ಬಾರದಂತೆ ಮಾಡಿದೆ. ಎಂಜಿನ್ ವೇಗ ಸ್ವಲ್ಪ ಇಳಿಸಿದೆ. ಪೂರ್ತಿ ವೇಗದಲ್ಲಿ ಓಡಿಸಬೇಕು ಅನ್ನುವ ಹಟ ಬಿಟ್ಟರೆ ಪೆಟ್ಟಿಗೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಆಗ ಕಂಡಿತು. ಕೊನೆಗೆ ತೊಂಬತ್ತೈದರ ಮೇಲೆ ನಿಂತಿತು. ಅದರಲ್ಲೂ ಬಹುಪಾಲು ಮೊದಲ ಒಂದು ಅಡಿಯೊಳಗೇ. ತಲೆಯಲ್ಲೇ ಹಿಡಿಯುತ್ತಿದೆ ಅಂದರೆ ಪೆಟ್ಟಿಗೆ ಸರಿಯಾಗಿದೆ. ಬಾಲದವರೆಗೂ ಚೂರು ಸಿಗುತ್ತಿದ್ದರೆ ಅದರಾಚೆಗೂ ಹೋಗುತ್ತಿದೆ ಅಂತಲೇ ಅರ್ಥ.

ಜೂನ್‌ನಲ್ಲಿ ಹೋಪ್‌ಗೆ ಹೊರಟೆವು. ನಾನು ಮತ್ತು ಆ ಹಿರಿಯರು. ಆಗ ಇಲ್ಲಿ ಬೆಳಕು ಹತ್ತೊಂಬತ್ತು ಗಂಟೆ ಇರುತ್ತದೆ. ರಿಸರೆಕ್ಷನ್ ಪಾಸ್ ಕಾಲುದಾರಿ ಶುರುವಾಗುವ ಸೇತುವೆಯ ಹತ್ತಿರ ಟ್ರಕ್ ನಿಲ್ಲಿಸಿ, ಯಂತ್ರವನ್ನು ಬಿಡಿಬಿಡಿಯಾಗಿ ಹೊತ್ತು ಇಳಿಸಿದೆವು. ಯಾವ ಭಾಗವೂ ಒಬ್ಬರು ಹೊರಲಾಗದಷ್ಟು ಭಾರ ಇರಬಾರದು ಅಂತ ಕಟ್ಟುವಾಗಲೇ ಲೆಕ್ಕ ಹಾಕಿದ್ದೆ. ಕರಡಿಗಳ ನಾಡು, ಹಾಗಾಗಿ ಊಟದ ಡಬ್ಬಿಗಳೆಲ್ಲ ಟ್ರಕ್ಕಿನೊಳಗೇ.

ಎಲ್ಲಿ ಇಳಿಸುವುದು? ಚಿನ್ನ ಭಾರ, ಹಾಗಾಗಿ ಹೊಳೆಯ ಓಟ ಎಲ್ಲಿ ತಟ್ಟನೆ ಇಳಿಯುತ್ತದೋ ಅಲ್ಲಿ ಅದು ನಿಲ್ಲುತ್ತದೆ. ತಿರುವಿನ ಒಳಬದಿ, ದೊಡ್ಡ ಬಂಡೆಯ ಹಿಂದೆ, ತಳಬಂಡೆಯ ಬಿರುಕುಗಳಲ್ಲಿ. ಪೆಟ್ಟಿಗೆಯೊಳಗೆ ನಾನು ಮಾಡಿದ್ದನ್ನೇ ಹೊಳೆ ದೊಡ್ಡದಾಗಿ ಮಾಡಿಕೊಂಡು ಬಂದಿದೆ. ಅಪ್ಪ ಹೇಳಿದ ಜಾಲಗಾರರೂ ಇದನ್ನೇ ನೋಡಿ ಕಲ್ಲಿನ ಹಿಂದಿನ ಮರಳಿಗೆ ಹೋಗುತ್ತಿದ್ದರು. ಮೊದಲು ತಟ್ಟೆಯಲ್ಲಿ ಅಲ್ಲಲ್ಲಿ ತೊಳೆದು ನೋಡಿ, ಒಂದು ದೊಡ್ಡ ಬಂಡೆಯ ಕೆಳಬದಿಯನ್ನು ಆರಿಸಿದೆವು. ದಡ ಕೊರೆಯುವ ಹಾಗಿಲ್ಲ, ಗಿಡ ಬೆಳೆದ ಮಣ್ಣು ಮುಟ್ಟುವ ಹಾಗಿಲ್ಲ. ನೀರಿನ ತಳದ ಜಲ್ಲಿ ಮಾತ್ರ.

ನೀರು ಸೊಂಟದಷ್ಟು ಆಳ, ಕೊರೆಯುವ ತಣ್ಣಗೆ. ಏಳು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಹಾಕಿ, ಸೊಂಟಕ್ಕೆ ತೂಕದ ಪಟ್ಟಿ ಕಟ್ಟಿ, ಸ್ನಾರ್ಕಲ್ ಎಂಬ ಉಸಿರಾಟದ ಕೊಳವೆ ಕಚ್ಚಿಕೊಂಡು ಮಲಗಿದ ಹಾಗೆ ಕೆಲಸ. ಆಳದಲ್ಲಿ ಕೆಲಸ ಮಾಡುವವರು ಎಂಜಿನ್ನಿಗೆ ಗಾಳಿಯ ಕಂಪ್ರೆಸರ್ ಜೋಡಿಸಿ ಕೊಳವೆಯಲ್ಲಿ ಉಸಿರಾಡುತ್ತಾರೆ. ಎಂಜಿನ್ನಿನ ಹೊಗೆ ಆ ಗಾಳಿಗೆ ಸೇರಿದರೆ ಜೀವಕ್ಕೇ ಅಪಾಯ. ನಾನು ಅದನ್ನು ಈ ಯಂತ್ರಕ್ಕೆ ಬೇಕಂತಲೇ ಹಾಕಲಿಲ್ಲ.

ತಳದಲ್ಲಿ ಕೆಲಸ ಮಾಡುವಾಗ ಒಂದೇ ಭಯ ಯಾವಾಗಲೂ ಇರಬೇಕು: ಬಂಡೆಯ ಅಡಿಯ ಜಲ್ಲಿ ತೆಗೆದರೆ ಬಂಡೆ ಉರುಳುತ್ತದೆ. ಕೈಗೆ ಬರುವ ಬಂಡೆಗಳನ್ನು ಮೊದಲು ಹಿಂದಕ್ಕೆ ಸರಿಸಿ, ಗುಂಡಿಯ ಬದಿಗಳನ್ನು ಇಳಿಜಾರಾಗಿ ಇಟ್ಟುಕೊಂಡು ಮುಂದೆ ಹೋಗಬೇಕು. ದಡದಲ್ಲಿ ಇನ್ನೊಬ್ಬರು, ಕೈ ಎಂಜಿನ್ನಿನ ಸ್ವಿಚ್ಚಿನ ಹತ್ತಿರ. ಹಿರಿಯರು ನಾನು ನೀರಿನಲ್ಲಿದ್ದಷ್ಟು ಹೊತ್ತು ಕಣ್ಣು ತೆಗೆಯಲಿಲ್ಲ.

ಯಂತ್ರ ಮೊದಲ ಎಳೆತಕ್ಕೇ ನೀರು ಹಿಡಿಯಿತು. ನಳಿಕೆಯ ಮುಂದೆ ಜಲ್ಲಿ ಕರಗುತ್ತಾ ಹೋಗುವುದನ್ನು ಮುಖವಾಡದೊಳಗಿಂದ ನೋಡುವುದು ಬಹಳ ಸಂತೋಷದ ಕೆಲಸ. ಎರಡು ಅಡಿ ಸಡಿಲ ಜಲ್ಲಿಯ ಕೆಳಗೆ ಗಟ್ಟಿಯಾಗಿ ಕೂತ ಕಂದು ಪದರ ಸಿಕ್ಕಿತು. ನಡುನಡುವೆ ಎದ್ದು ಪೆಟ್ಟಿಗೆ ನೋಡುತ್ತಿದ್ದೆ. ರಿಫಲ್‌ಗಳ ಹಿಂದೆ ಜಲ್ಲಿ ಅರ್ಧ ತುಂಬಿ ಕುದಿಯುವಂತೆ ಆಡುತ್ತಿದ್ದರೆ ಸರಿ. ತುಂಬಿ ಗಟ್ಟಿಯಾದರೆ ಓಟ ಸಾಲದು. ತಳ ಬರಿದಾಗಿ ಕಂಡರೆ ಓಟ ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಹಿಂಭಾಗ ತಗ್ಗಿದ್ದು ಲೆವೆಲ್‌ನಲ್ಲಿ ಕಂಡಿತು, ಎಂಜಿನ್ನನ್ನು ಒಂದು ತೂತು ಮುಂದಕ್ಕೆ ಸರಿಸಿ ಪಿನ್ ಹಾಕಿದೆ.

ಕೆಳಗಿನ ಹರಿವಿಗೂ ಹೋಗಿ ನೋಡಬೇಕು. ಕೆಸರಿನ ಬಣ್ಣ 500 ಅಡಿ ದಾಟಿ ಕಾಣಿಸಬಾರದು ಅಂತ ನಿಯಮ. ಜಲ್ಲಿ ತೊಳೆದ ಹಾಗಿತ್ತು, ಮಣ್ಣು ಕಡಿಮೆ. ಬಣ್ಣ ಬಹಳ ಹತ್ತಿರದಲ್ಲೇ ತಿಳಿಯಾಯಿತು. ಪೆಟ್ರೋಲನ್ನು ಮಾತ್ರ ತೇಲುವ ಯಂತ್ರದ ಮೇಲೆ ನಿಂತು ತುಂಬುವ ಅಭ್ಯಾಸ ಬೇಡ. ಟ್ಯಾಂಕನ್ನು ಬಿಚ್ಚುವಂತೆ ಕೂರಿಸಿದ್ದೆ, ದಡಕ್ಕೆ ತಂದು, ಹೀರುವ ಬಟ್ಟೆ ಹಾಸಿ ತುಂಬಿದೆವು.

ಸಂಜೆ ಎಂಜಿನ್ ನಿಲ್ಲಿಸಿ ಹಾಸು ತೆಗೆಯುವ ಹೊತ್ತು. ಕಪ್ಪು ರಬ್ಬರ್ ಹಾಸಿನ ಏಣುಗಳ ನಡುವೆ ಹಳದಿ ಚೂರುಗಳು ಬರಿಗಣ್ಣಿಗೆ ಕಾಣುತ್ತಿದ್ದವು. ಅದಕ್ಕೇ ಆ ಹಾಸನ್ನು ತಲೆಯಲ್ಲಿ ಇಡುವುದು: ಎತ್ತಿ ನೋಡಿದರೆ ಜಾಗ ಸರಿಯೋ ಇಲ್ಲವೋ ಅಂತ ತಕ್ಷಣ ಗೊತ್ತಾಗುತ್ತದೆ. ಹಾಸುಗಳನ್ನು ಟಬ್ಬಿನಲ್ಲಿ ಜಾಲಾಡಿ, ಉಳಿದದ್ದನ್ನು ಜರಡಿ ಹಿಡಿದು, ತಟ್ಟೆಯಲ್ಲಿ ತೊಳೆದೆವು. ಮೊರದಲ್ಲಿ ಕೇರುವ ಹಾಗೆ, ಹಗುರದ್ದು ಅಂಚಿನಿಂದ ಹೋಗುತ್ತದೆ, ಭಾರದ್ದು ಮೂಲೆಯಲ್ಲಿ ಉಳಿಯುತ್ತದೆ. ಕಪ್ಪು ಮರಳನ್ನು ಒಣಗಿಸಿ ಅಯಸ್ಕಾಂತದಿಂದ ಎಳೆದೆವು. ಹಳೆಯ ಗುಂಡುಗಳ ಸೀಸ, ತುಕ್ಕು ಹಿಡಿದ ಮೊಳೆ ಕೂಡ ಸಿಕ್ಕವು. ಅವನ್ನು ಹೊಳೆಗೆ ವಾಪಸ್ ಹಾಕದೆ ಡಬ್ಬಿಗೆ ಹಾಕಿಕೊಂಡೆವು. ಹಳೆಯ ಗಣಿ ಜಾಗಗಳಲ್ಲಿ ಬೆಳ್ಳಿ ಬಣ್ಣ ಮೆತ್ತಿದ ಚಿನ್ನ ಸಿಕ್ಕರೆ ಅದು ಪಾದರಸ ಇರಬಹುದು. ಅದನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಿಸಿ ಮಾಡಬಾರದು. ಆ ಆವಿ ವಿಷ.

ಮೊದಲ ದಿನ ಸಿಕ್ಕಿದ್ದು ಒಂದು ಗ್ರಾಮಿಗಿಂತ ಸ್ವಲ್ಪ ಕಡಿಮೆ. ಪೆಟ್ರೋಲ್, ಪ್ರಯಾಣ, ಎರಡು ಜನರ ದಿನ ಎಲ್ಲ ಲೆಕ್ಕ ಹಾಕಿದರೆ ಇದು ಸಂಪಾದನೆಯ ದಾರಿ ಅಲ್ಲ. ಆಮೇಲಿನ ವಾರಾಂತ್ಯಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ. ಆದರೆ ನನಗೆ ನೋಡಬೇಕಾಗಿದ್ದು ಇನ್ನೊಂದು ಲೆಕ್ಕ. ಪೆಟ್ಟಿಗೆಯ ಬಾಲದಿಂದ ಬಿದ್ದ ಜಲ್ಲಿಯನ್ನು ಬಕೆಟ್ಟಿನಲ್ಲಿ ಹಿಡಿದು ಮತ್ತೆ ತಟ್ಟೆಯಲ್ಲಿ ತೊಳೆದೆ. ಹಿರಿಯರು ಭೂತಗನ್ನಡಿ ಹಿಡಿದು ಹುಡುಕಿದರು. ಧೂಳಿನಂಥ ಒಂದೆರಡು ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. "ನನ್ನ ಹಳೇ ಆರು ಇಂಚಿನ ಯಂತ್ರ ಇಷ್ಟು ಹಿಡೀತಿರಲಿಲ್ಲ" ಅಂದರು ಅವರು. ಆ ಮಾತು ಕೇಳಿ ನನಗಾದ ಸಂತೋಷ ಆ ಒಂದು ಗ್ರಾಮಿಗಿಂತ ದೊಡ್ಡದು.

ಪ್ರತಿ ಸಲ ಹೊರಡುವ ಮೊದಲು ಗುಂಡಿ ಮುಚ್ಚುತ್ತೇವೆ. ಹಿಂದೆ ಬಿದ್ದ ಜಲ್ಲಿಯ ದಿಬ್ಬವನ್ನು ಹಾರೆ, ಕುಂಟೆ ಹಿಡಿದು ಎಳೆದು ತಳ ಸಮ ಮಾಡುತ್ತೇವೆ. ಇದು ನೋಟಕ್ಕಾಗಿ ಅಲ್ಲ. ಸಡಿಲ ದಿಬ್ಬ ಸಾಲ್ಮನ್‌ಗೆ ಒಳ್ಳೆಯ ಜಾಗದ ಹಾಗೆ ಕಾಣುತ್ತದೆ. ಅದು ಅಲ್ಲೇ ಮೊಟ್ಟೆ ಇಡುತ್ತದೆ. ಮುಂದಿನ ನೆರೆಗೆ ದಿಬ್ಬ ಕೊಚ್ಚಿಹೋಗಿ ಮೊಟ್ಟೆಯೂ ಹೋಗುತ್ತದೆ. ಬೆನ್ನು ನೋಯುವ ಕೆಲಸ ನಿಜ. ಆದರೆ ಇದನ್ನು ಮಾಡಲು ಮನಸ್ಸಿಲ್ಲದವರು ಡ್ರೆಜ್ ಕಟ್ಟಬಾರದು ಅಂತಲೇ ನಾನು ಹೇಳುತ್ತೇನೆ. ಕೆಲವರು ತೋರಿದ ಉದಾಸೀನದಿಂದ ಎಷ್ಟೋ ಹೊಳೆಗಳು ಎಲ್ಲರಿಗೂ ಮುಚ್ಚಿಹೋಗಿವೆ.

ಜುಲೈ 15ಕ್ಕೆ ಯಂತ್ರ ಗ್ಯಾರೇಜಿಗೆ ವಾಪಸ್ ಬಂತು. ಆ ಹೊತ್ತಿಗೆ ಗುಲಾಬಿ ಸಾಲ್ಮನ್ ಸಮುದ್ರದಿಂದ ಹೊಳೆಗೆ ಏರುವ ಕಾಲ. ಈ ಚಳಿಗಾಲಕ್ಕೆ ಎರಡು ಕೆಲಸ ಇಟ್ಟುಕೊಂಡಿದ್ದೇನೆ. ತೂತಿನ ಹಲಗೆಯಲ್ಲಿ ತೂತುಗಳನ್ನು ಇನ್ನೂ ಸಣ್ಣ ಮಾಡಿ, ಕೆಳಗಿನ ಹಾಸಿಗೆ ಇನ್ನೂ ನಿಧಾನದ ನೀರು ಕೊಡುವುದು ಒಂದು. ಎಂಜಿನ್ನಿನ ಬಿಸಿಯಿಂದ ನೀರು ಕಾಯಿಸಿ ವೆಟ್‌ಸೂಟ್‌ನೊಳಗೆ ಬಿಡುವ ಸುರುಳಿ ಕೊಳವೆ ಇನ್ನೊಂದು. ಅಲಾಸ್ಕಾದ ಪಶ್ಚಿಮ ಕರಾವಳಿಯ ನೋಮ್‌ನ ಸಮುದ್ರದಲ್ಲಿ ಡ್ರೆಜ್ ಮಾಡುವವರು ಹಾಗೆ ಮಾಡುತ್ತಾರೆ. ಬೆರಳು ಮರಗಟ್ಟದಿದ್ದರೆ ತಳಬಂಡೆಯ ಬಿರುಕುಗಳನ್ನು ಇನ್ನೂ ಸಮಾಧಾನವಾಗಿ ಕೆದಕಬಹುದು.